ಎತ್ತುವ ಕೆಲಸ

ಪದ್ಮಿನಿ ಯಾರನ್ನೂ ಫೇಲ್ ಮಾಡಿದವಳಲ್ಲ. ಕೊಳ್ಳೇಗಾಲದಲ್ಲಿ ಒಂದು ಟ್ರಸ್ಟಿನವರು ನಡೆಸುವ ಪುನರ್ವಸತಿ ಕೇಂದ್ರದಲ್ಲಿ ಅವಳು ಆಕ್ಯುಪೇಷನಲ್ ಥೆರಪಿಸ್ಟ್. ಲಕ್ವ ಹೊಡೆದವರು, ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು, ಹುಟ್ಟುವಾಗಲೇ ಕೈಕಾಲು ಸ್ವಾಧೀನ ತಪ್ಪಿದ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ತಮ್ಮ ಕೈಯಿಂದಲೇ ಮುದ್ದೆ ಮುರಿದು ತಿನ್ನುವುದನ್ನು, ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು, ಮಂಚದಿಂದ ಕುರ್ಚಿಗೆ ಬರುವುದನ್ನು ಅವರಿಗೆ ಮತ್ತೆ ಕಲಿಸುವುದು ಅವಳ ಕೆಲಸ. ಪ್ರತಿ ವರ್ಷ ಮೈಸೂರು ಕಡೆಯ ಕಾಲೇಜೊಂದರಿಂದ ಸಹಾಯಕರ ಕೋರ್ಸು ಓದುವ ಹುಡುಗ ಹುಡುಗಿಯರು ಕೆಲವು ತಿಂಗಳ ಪೋಸ್ಟಿಂಗಿಗೆ ಅವಳ ಬಳಿ ಬಂದಿರುತ್ತಿದ್ದರು. ಅವರು ರೋಗಿಯ ಜೊತೆ ಹೇಗೆ ನಡೆದುಕೊಳ್ಳುತ್ತಾರೆಂದು ನೋಡಿ, ತಿದ್ದಿ, ಇವರನ್ನು ನಂಬಿ ಒಂದು ಜೀವವನ್ನು ಕೈಗೆ ಒಪ್ಪಿಸಬಹುದೋ ಇಲ್ಲವೋ ಎಂದು ಕೊನೆಗೆ ಬರೆದುಕೊಡಬೇಕಾದವಳೂ ಅವಳೇ. ಒಪ್ಪಿಸಬಹುದು ಎಂದೇ ಅವಳು ಇದುವರೆಗೆ ಬರೆದಿದ್ದಳು. ಸೋಮಾರಿಗಳನ್ನೂ ಬೆನ್ನು ಹತ್ತಿ ಕಲಿಸಿ ದಡ ಮುಟ್ಟಿಸಿದ್ದಳು.

ಆ ವರ್ಷ ಬಂದವರಲ್ಲಿ ನಟರಾಜು ಒಬ್ಬ. ಹನೂರು ತಾಲೂಕಿನವನು, ರಾಮಾಪುರದಿಂದಾಚೆ ಕಾಡಂಚಿನ ಹಳ್ಳಿ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಆದರೆ ಮೊದಲ ವಾರದಲ್ಲೇ ಪದ್ಮಿನಿಯ ಕಣ್ಣಿಗೆ ಬಿದ್ದವನು ಅವನೇ. ಈ ಕಸುಬಿನಲ್ಲಿ ಕಲಿಯಲು ಎಲ್ಲಕ್ಕಿಂತ ಕಷ್ಟವಾದದ್ದು ಸುಮ್ಮನಿರುವುದು. ಲಕ್ವ ಹೊಡೆದ ಮುದುಕಿಯೊಬ್ಬಳು ನಡುಗುವ ಕೈಯಲ್ಲಿ ತುತ್ತು ಹಿಡಿದು ಬಾಯಿಯ ಹತ್ತಿರ ತರುವಾಗ, ಅದು ಜಾರಿ ಸೆರಗಿನ ಮೇಲೆ ಬೀಳುವಾಗ, ಪಕ್ಕದಲ್ಲಿ ಕೂತವರ ಕೈ ತಾನಾಗಿ ಮುಂದೆ ಹೋಗುತ್ತದೆ. ಹೋಗಬಾರದು. ನಟರಾಜುವಿನ ಜೊತೆ ಬಂದಿದ್ದ ಮಧುಶ್ರೀ ಎಂಬ ಚುರುಕಿನ ಹುಡುಗಿ, ಎಷ್ಟು ಹೇಳಿದರೂ ತಾನೇ ಕಲಸಿ ತಿನ್ನಿಸಿಬಿಡುತ್ತಿದ್ದಳು. ನಟರಾಜು ಹಾಗಲ್ಲ. ತನ್ನ ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು, ಆ ಮುದುಕಿಯ ತುತ್ತು ಬಾಯಿ ಸೇರುವವರೆಗೆ ಅವಳ ಮುಖವನ್ನೇ ನೋಡುತ್ತ ಕೂತಿರುತ್ತಿದ್ದ. ಸೇರಿದ ಮೇಲೆ, "ನೀನೇ ಉಂಡೆ ಕಣಜ್ಜಿ, ನಾನು ಮುಟ್ನಿಲ್ಲ" ಎನ್ನುತ್ತಿದ್ದ. ಇಂಥ ಹುಡುಗನನ್ನು ನೋಡಿ ಬಹಳ ವರ್ಷವಾಯಿತು ಎಂದು ಪದ್ಮಿನಿಗೆ ಅನ್ನಿಸಿತ್ತು. ನಡುವಿನ ಮೌಲ್ಯಮಾಪನದಲ್ಲಿ ಅವನಿಗೆ ಧಾರಾಳವಾಗಿಯೇ ಅಂಕ ಕೊಟ್ಟಳು.

ಒಂದೇ ಒಂದು ಕಡೆ ಕೈ ತಡೆಯಿತು. ರೋಗಿಯನ್ನು ಮಂಚದಿಂದ ಎತ್ತಿ ವೀಲ್‌ಚೇರಿಗೆ ಕೂರಿಸುವ ಕೆಲಸ ಬಂದಾಗ ನಟರಾಜು ಹಿಂದೆ ಸರಿಯುತ್ತಿದ್ದ. ಮಧುಶ್ರೀಯನ್ನು ಕರೆದು, ನೀನು ಎತ್ತು, ನಾನು ಕುರ್ಚಿ ಹಿಡಿದುಕೊಳ್ತೀನಿ ಅನ್ನುತ್ತಿದ್ದ. ಇಲ್ಲವೇ ಅದೇ ಹೊತ್ತಿಗೆ ಅವನಿಗೆ ಇನ್ನೇನೋ ಕೆಲಸ ಇರುತ್ತಿತ್ತು. ಮೇಲಿನ ಕಪಾಟಿನಿಂದ ಸಾಮಾನು ತರಲು ಹೇಳಿದರೆ ಸ್ಟೂಲು ಹುಡುಕುತ್ತಿದ್ದ. ಎರಡನೇ ಮಹಡಿಗೆ ಹೋಗಿ ಬಾ ಎಂದರೆ ಬಹಳ ಹೊತ್ತು ಮಾಡುತ್ತಿದ್ದ. ಮೈಗಳ್ಳತನ ಎಂದುಕೊಂಡಳು ಪದ್ಮಿನಿ. ಮನಸ್ಸು ಒಳ್ಳೆಯದು, ಮೈ ಬಗ್ಗುವುದಿಲ್ಲ. ಈ ವಯಸ್ಸಿನ ಹುಡುಗರಲ್ಲಿ ಹೊಸದೇನಲ್ಲ. ಎಲ್ಲವನ್ನೂ ಒಬ್ಬನೇ ಮಾಡಬೇಕಾದ ಪರೀಕ್ಷೆಯೊಂದನ್ನು ಇಟ್ಟರೆ ದಾರಿಗೆ ಬರುತ್ತಾನೆ ಎಂದು ತೀರ್ಮಾನಿಸಿದಳು.

ಆ ಪರೀಕ್ಷೆ ಯಳಂದೂರಿನಲ್ಲಿ ನಡೆಯಿತು. ವಾರಕ್ಕೊಮ್ಮೆ ಕೇಂದ್ರದ ವ್ಯಾನಿನಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ರೋಗಿಗಳ ಮನೆಗೆ ಹೋಗುವುದಿತ್ತು. ಗುರುಸಿದ್ದಯ್ಯ ಅಕ್ಕಿ ವ್ಯಾಪಾರ ಮಾಡಿಕೊಂಡಿದ್ದ ದಪ್ಪ ಆಳು. ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಮೊದಮೊದಲು ಮಂಚ ಬಿಟ್ಟು ಏಳುವುದಿಲ್ಲ ಎಂದು ಹಠ ಹಿಡಿದಿದ್ದವನು, ಪದ್ಮಿನಿ ಹೋಗಿ ಬಂದು ಮಾಡುತ್ತ ಧೈರ್ಯ ತುಂಬಿದ ಮೇಲೆ ಈಚೆಗಷ್ಟೇ ಕುರ್ಚಿಯಲ್ಲಿ ಕೂತು ಜಗಲಿಯವರೆಗೆ ಬರುತ್ತಿದ್ದ. ರಸ್ತೆಯಲ್ಲಿ ಹೋಗುವವರನ್ನು ಕರೆದು ಮಾತಾಡಿಸುತ್ತಿದ್ದ. ಗಂಡನ ಬಾಯಲ್ಲಿ ಮತ್ತೆ ವ್ಯಾಪಾರದ ಮಾತು ಬಂದದ್ದು ಕೇಳಿ ಹೆಂಡತಿ ಶಿವರತ್ನಮ್ಮ, ಪದ್ಮಿನಿ ಬಂದಾಗಲೆಲ್ಲ ಹಿಡಿಯಷ್ಟು ಸಕ್ಕರೆ ಹಾಕಿ ಕಾಫಿ ಕೊಡುತ್ತಿದ್ದಳು.

ಇವತ್ತು ನಟರಾಜು ಒಬ್ಬನೇ ಮಾಡಲಿ, ನಾನು ದೂರ ನಿಂತು ನೋಡುತ್ತೇನೆ ಎಂದಳು ಪದ್ಮಿನಿ. ಅವನ ಮುಖ ಬಾಡಿತು. ಆದರೂ ಇಲ್ಲ ಎನ್ನಲಿಲ್ಲ. ಮಾಡಬೇಕಾದದ್ದನ್ನೆಲ್ಲ ಒಂದೂ ತಪ್ಪದೆ ಮಾಡಿದ. ಕುರ್ಚಿಯನ್ನು ಮಂಚಕ್ಕೆ ಓರೆಯಾಗಿ ತಂದ, ಬ್ರೇಕ್ ಹಾಕಿದ, ಕಾಲಿಡುವ ತಗಡನ್ನು ಮಡಚಿದ, ಗುರುಸಿದ್ದಯ್ಯನ ಪಾದ ಎರಡನ್ನೂ ನೆಲಕ್ಕೆ ಊರಿಸಿದ, ಸೊಂಟಕ್ಕೆ ಟವೆಲ್ ಸುತ್ತಿ ಹಿಡಿಕೆ ಮಾಡಿಕೊಂಡ, ನಾನು ಹೂಂ ಅಂದಾಗ ಮುಂದಕ್ಕೆ ಬಗ್ಗಿ ಅಯ್ಯನೋರೆ ಎಂದು ತಿಳಿಸಿದ. ಪದ್ಮಿನಿ ಮನಸ್ಸಿನಲ್ಲೇ ಭೇಷ್ ಎಂದುಕೊಂಡಳು. ಗುರುಸಿದ್ದಯ್ಯ ಮಂಚದಿಂದ ಎದ್ದ. ಅವನ ಭಾರವೆಲ್ಲ ನಟರಾಜುವಿನ ಮೇಲೆ ಬಿತ್ತು. ಆಗ ಹುಡುಗನ ಮಂಡಿ ಮಡಿಚಿಹೋಯಿತು. ಎಡವಿದ್ದಲ್ಲ, ಜಾರಿದ್ದಲ್ಲ, ಒಳಗಿನಿಂದ ಯಾರೋ ಕೀಲು ಕಳಚಿದ ಹಾಗೆ ಕಾಲು ಕುಸಿಯಿತು. ಪದ್ಮಿನಿ ಓಡಿ ಬಂದು ಹೆಗಲು ಕೊಡುವಷ್ಟರಲ್ಲಿ ಇಬ್ಬರೂ ನೆಲದ ಮೇಲಿದ್ದರು. ಮಂಚದ ಅಂಚು ತಗುಲಿ ಗುರುಸಿದ್ದಯ್ಯನ ಹಣೆ ಒಡೆದು ರಕ್ತ ಬಂದಿತ್ತು.

ಗಾಯವೇನೂ ದೊಡ್ಡದಲ್ಲ. ಪಟ್ಟಿ ಹಾಕಿದ ಮೇಲೆ ರಕ್ತ ನಿಂತಿತು. ಆದರೆ ಅಷ್ಟು ದೊಡ್ಡ ಮನುಷ್ಯ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅಳುವುದನ್ನು ನಿಲ್ಲಿಸಲು ಆಗಲಿಲ್ಲ. ಇನ್ನು ತನ್ನನ್ನು ಯಾರೂ ಮುಟ್ಟಬಾರದು, ಎತ್ತಬಾರದು, ಹೀಗೇ ಬಿದ್ದಿರುತ್ತೇನೆ ಎಂದು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಟ್ಟ. ಶಿವರತ್ನಮ್ಮ ಬೈಯಲಿಲ್ಲ. ಬಾಗಿಲವರೆಗೆ ಬಂದು, "ನೀವು ಒಳ್ಳೇರು ಕಣವ್ವ. ಆದ್ರ ಕಲಿಯಾಕ ನಮ್ಮೆಜಮಾನ್ರೇ ಬೇಕಾಗಿತ್ತಾ?" ಎಂದಳು. ಅವತ್ತು ಕಾಫಿಯ ಮಾತು ಬರಲಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ಪದ್ಮಿನಿ ನಟರಾಜುವಿಗೆ ಬೈದಳು. ವಿದ್ಯಾರ್ಥಿಯೊಬ್ಬನನ್ನು ಅಷ್ಟು ಕಟುವಾಗಿ ಅವಳು ಎಂದೂ ಬೈದಿರಲಿಲ್ಲ. ತಿಂಗಳುಗಟ್ಟಲೆ ಅಭ್ಯಾಸದಿಂದ ತಪ್ಪಿಸಿಕೊಂಡು ಓಡಾಡಿದ್ದರ ಫಲ ಇದು, ಮೈ ಉಳಿಸಿಕೊಳ್ಳುವವರಿಗೆ ಈ ಕಸುಬಲ್ಲ, ಆ ಮನುಷ್ಯ ಇನ್ನು ಮಂಚ ಬಿಟ್ಟು ಏಳದಿದ್ದರೆ ಆ ಪಾಪ ನಿನ್ನದೇ ಎಂದೆಲ್ಲ ಅಂದಳು. ಮಧುಶ್ರೀ ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದಳು. ನಟರಾಜು ತಲೆ ತಗ್ಗಿಸಿಕೊಂಡು ತಪ್ಪಾಯಿತು ಎಂದಷ್ಟೇ ಹೇಳಿದ.

ಅದಾದ ಕೆಲವು ದಿನಗಳ ಮೇಲೆ, ಮಧ್ಯಾಹ್ನ, ಮಕ್ಕಳ ಕೋಣೆಯಲ್ಲಿ ಚಾಪೆಯ ಮೇಲೆ ಆಟವಾಡಿಸುವ ತರಬೇತಿ ಮುಗಿದಿತ್ತು. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಹೊರಟುಹೋಗಿದ್ದರು. ಬಾಗಿಲ ಗಾಜಿನಿಂದ ಪದ್ಮಿನಿ ಒಳಗೆ ನೋಡಿದಾಗ ನಟರಾಜು ಒಬ್ಬನೇ ಚಾಪೆಯ ಮೇಲೆ ಕೂತಿದ್ದ. ಕೋಣೆ ಖಾಲಿಯಾಗಲಿ ಎಂದು ಕಾಯುತ್ತಿದ್ದವನಂತೆ ಅತ್ತಿತ್ತ ನೋಡಿದ. ಆಮೇಲೆ ಎದ್ದ. ಮೊದಲು ಹೊರಳಿ ಅಂಬೆಗಾಲಿಗೆ ಬಂದ. ಸೊಂಟವನ್ನು ಮೇಲಕ್ಕೆತ್ತಿದ. ಒಂದು ಕೈಯನ್ನು ಮಂಡಿಯ ಮೇಲೆ ಒತ್ತಿದ, ಇನ್ನೊಂದನ್ನು ಇನ್ನೊಂದು ಮಂಡಿಯ ಮೇಲೆ, ಅಲ್ಲಿಂದ ತೊಡೆಗೆ, ತನ್ನ ಮೈಯನ್ನೇ ತಾನು ಮರದಂತೆ ಹತ್ತುತ್ತ ಹತ್ತುತ್ತ ನೆಟ್ಟಗಾದ.

ಹಾಗೆ ಏಳುವವರನ್ನು ಅವಳು ಪುಸ್ತಕದಲ್ಲೂ ನೋಡಿದ್ದಳು, ಈ ಕೇಂದ್ರದಲ್ಲೂ ನೋಡಿದ್ದಳು. ಸೊಂಟದ, ತೊಡೆಯ, ಹೆಗಲಿನ ಮಾಂಸಖಂಡ ಒಂದೊಂದೇ ಸವೆಯುತ್ತ ಹೋಗುವ ಕಾಯಿಲೆ. ರಕ್ತದಲ್ಲೇ ಬರುವಂಥದ್ದು. ನಿಲ್ಲಿಸುವ ಮದ್ದು ಇಲ್ಲ. ಸ್ಟೂಲು ಹುಡುಕುತ್ತಿದ್ದದ್ದು, ಮೆಟ್ಟಿಲ ಮೇಲೆ ಹೊತ್ತು ಮಾಡುತ್ತಿದ್ದದ್ದು, ಎತ್ತುವಾಗ ಹಿಂದೆ ಸರಿಯುತ್ತಿದ್ದದ್ದು, ಎಲ್ಲ ಅವಳ ಕಣ್ಣೆದುರಿಗೇ ನಡೆದಿತ್ತು. ಊರವರ ಮೈಯನ್ನೆಲ್ಲ ಪರೀಕ್ಷಿಸುವವಳಿಗೆ ತನ್ನ ಪಕ್ಕದಲ್ಲೇ ಓಡಾಡುತ್ತಿದ್ದವನ ಮೈ ಕಂಡಿರಲಿಲ್ಲ. ಕಂಡದ್ದಕ್ಕೆ ಮೈಗಳ್ಳತನ ಎಂದು ಹೆಸರಿಟ್ಟಿದ್ದಳು.

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೈ ಎರಡನ್ನೂ ತಲೆಯ ಮೇಲೆತ್ತು ಎಂದಳು. ಅವನು ಎತ್ತಲು ಹೋಗಲಿಲ್ಲ.

"ನಂಗೊತ್ತದ ಮೇಡಂ," ಎಂದ.

ಆಮೇಲೆ ಅವನು ನಿಧಾನವಾಗಿ ಎಲ್ಲ ಹೇಳಿದ. ಅವನಿಗೊಬ್ಬ ಅಣ್ಣ, ದೇವರಾಜು. ಮುಸುಕಿನ ಜೋಳದ ಮೂಟೆಯನ್ನು ಒಬ್ಬನೇ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ ಆಳು. ಇಪ್ಪತ್ತರ ಹತ್ತಿರ ಬರುವಾಗ ಓಡಾಡುತ್ತ ಓಡಾಡುತ್ತಲೇ ಬೀಳತೊಡಗಿದ. ಊರವರು ಕುಡಿದಿದ್ದಾನೆ ಎಂದರು. ಅವ್ವ ದೇವರ ಮೊರೆ ಹೋದಳು, ಪಾಲಾರಿನ ಆಚೆಗೆ ಹೋಗಿ ತಮಿಳುನಾಡಿನ ನಾಟಿ ವೈದ್ಯರಿಂದ ಎಣ್ಣೆ ತಂದಳು. ಈಗ ದೇವರಾಜು ಮಲಗಿದಲ್ಲೇ ಇದ್ದಾನೆ. ಅಪ್ಪ ಗಡಿಯಾಚೆ ಕಲ್ಲು ಕ್ವಾರಿಯಲ್ಲಿ ಕೂಲಿ, ಹಬ್ಬಕ್ಕೆ ಬರುತ್ತಾನೆ. ಅಣ್ಣನನ್ನು ಸರಿಯಾಗಿ ಎತ್ತುವುದು, ಕೂರಿಸುವುದು, ತಿನ್ನಿಸುವುದು ಕಲಿಯಬೇಕೆಂದೇ ನಟರಾಜು ಈ ಕೋರ್ಸಿಗೆ ಸೇರಿದ್ದು. ಕಾಲೇಜಿನಲ್ಲಿ ಒಂದು ದಿನ ಮೇಷ್ಟರು ಈ ಕಾಯಿಲೆಯ ಪಾಠ ಮಾಡಿದರು. ಸೋದರಮಾವನನ್ನೇ ಮದುವೆಯಾಗುವಂಥ ಹತ್ತಿರದ ಸಂಬಂಧಗಳಲ್ಲಿ ಹೆಚ್ಚು ಕಾಣುತ್ತದೆ ಎಂದರು. ಅವನ ಅವ್ವ ಮದುವೆಯಾದದ್ದು ತನ್ನ ಸೋದರಮಾವನನ್ನೇ. ಅಣ್ಣನ ಕಾಯಿಲೆಗೆ ಒಂದು ಹೆಸರಿದೆ ಎಂದು ಅವತ್ತು ಗೊತ್ತಾಯಿತು. ಸಂಜೆ ಹಾಸ್ಟೆಲಿನ ಮೆಟ್ಟಿಲು ಹತ್ತುವಾಗ ಮಂಡಿಯ ಮೇಲೆ ಕೈಯಿಟ್ಟುಕೊಂಡಿದ್ದೇನೆ ಎನ್ನುವುದೂ ಗೊತ್ತಾಯಿತು.

ಪದ್ಮಿನಿ ತನಗೆ ತಿಳಿದ ಸಮಾಧಾನವನ್ನೆಲ್ಲ ಹೇಳಿದಳು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸುತ್ತೇನೆ ಎಂದಳು. ಕಾಲೇಜಿನವರಿಗೆ ತಿಳಿಸಿದರೆ ಎತ್ತುವ ಕೆಲಸ ಬಿಟ್ಟು ಕೂತು ಮಾಡುವ ಕೆಲಸ ಕೊಟ್ಟು ಪಾಸು ಮಾಡಬಹುದು ಎಂದಳು. ಹೇಳುತ್ತಿರುವಾಗಲೇ ಅವಳ ದನಿ ಇಳಿಯಿತು. ಹತ್ತಾರು ರೋಗಿಗಳಿಗೆ ಒಬ್ಬ ಸಹಾಯಕನೂ ಸಿಗದ ಈ ಸೀಮೆಯಲ್ಲಿ, ಎತ್ತಲಾರದ ಸಹಾಯಕನಿಗೆ ಯಾರು ಕೂತು ಮಾಡುವ ಕೆಲಸ ಕೊಡುತ್ತಾರೆ? ನಟರಾಜು ಅವಳ ಮಾತು ಮುಗಿಯಲಿ ಎಂದು ಕಾದ. ಮುದುಕಿಯ ತುತ್ತಿಗೆ ಕಾದ ಹಾಗೇ ಕಾದ.

"ನನ್ನ ಫೇಲ್ ಮಾಡ್ಬುಡಿ ಮೇಡಂ," ಎಂದ. "ನಾನು ಇನ್ನೊಬ್ರ ಮೈ ಮುಟ್ಬಾರ್ದು. ಅಯ್ಯನೋರು ಬಿದ್ದಾಗ್ಲೇ ನಂಗ ಗೊತ್ತಾಯ್ತು. ಆದ್ರ ಯಾಕ ಅಂತ ಮಾತ್ರ ಬರೀಬ್ಯಾಡಿ. ಕಾಲೇಜಿನವ್ರು ಮನೆಗ ಫೋನ್ ಮಾಡ್ತಾರ. ಅಣ್ಣನ್ನ ಎತ್ತಿ ಎತ್ತಿ ನಮ್ಮವ್ವನ ಬೆನ್ನೋಗದ. ನಾನೊಬ್ಬ ನೆಟ್ಗಿವ್ನಿ ಅಂತ ಉಸಿರಾಡ್ಕಂಡವ್ಳ."

ಮತ್ತೆ ಏನೆಂದು ಬರೆಯಲಿ ಎಂದು ಕೇಳಿದಳು ಪದ್ಮಿನಿ.

"ಎಚ್ಚರಿಕೆ ಇಲ್ಲ ಅಂತ ಬರೀರಿ. ಸೋಮಾರಿ ಅನ್ನಿ. ಸೋಮಾರಿ ಮಗುನ್ನ ಅವ್ವ ಬೈತಾಳ, ಅಷ್ಟೇಯ."

ಕೊನೆಯ ಮೌಲ್ಯಮಾಪನಕ್ಕೆ ಇನ್ನೂ ಕೆಲವು ವಾರ ಇತ್ತು. ಅಷ್ಟರಲ್ಲಿ ಅವನ ಮನೆಗೆ ಹೋಗಿ ತಾನೇ ತಾಯಿಗೆ ಮೆತ್ತಗೆ ಹೇಳಬೇಕು, ಇಂಥದ್ದನ್ನು ಮುಚ್ಚಿಡುವುದು ಸರಿಯಲ್ಲ ಎಂದು ಅವಳ ಮನಸ್ಸು ಹೇಳುತ್ತಿತ್ತು. ಹನೂರು ಕಡೆಯ ಸರದಿ ಬಂದ ದಿನ ದೇವರಾಜುವನ್ನು ನೋಡುವ ನೆಪ ಮಾಡಿ ವ್ಯಾನನ್ನು ಅಲ್ಲಿಗೆ ಬಿಡಿಸಿಕೊಂಡು ಹೋದಳು. ನಟರಾಜುವೂ ಜೊತೆಯಲ್ಲಿದ್ದ.

ರಾಮಾಪುರ ದಾಟಿದ ಮೇಲೆ ಡಾಂಬರು ಮುಗಿದು ಕಾಡಿನ ಕಡೆಗೆ ಮಣ್ಣುರಸ್ತೆ. ರಾಗಿ ಕೊಯ್ದ ಹೊಲಗಳ ನಡುವೆ ಶೀಟಿನ ಮನೆ. ಇವರು ಹೋದಾಗ ತಾಯಿ ಚಿಕ್ಕನಿಂಗಮ್ಮ ದೊಡ್ಡ ಮಗನಿಗೆ ಸ್ನಾನ ಮಾಡಿಸಿ ಒಳಗೆ ಕರೆತರುತ್ತಿದ್ದಳು. ಕರೆತರುವುದೆಂದರೆ, ಬೆನ್ನಿಗೆ ಹಾಕಿಕೊಂಡು ಬರುವುದು. ಅವಳದ್ದು ಕಡ್ಡಿಯಂಥ ಮೈ. ಮಗನ ಎರಡು ಕೈಯನ್ನು ತನ್ನ ಕೊರಳ ಸುತ್ತ ಎಳೆದು ಹಿಡಿದು, ಸೊಂಟ ಬಗ್ಗಿಸಿ, ಅವನ ಪಾದಗಳು ನೆಲದ ಮೇಲೆ ಎಳೆದುಕೊಂಡು ಬರುತ್ತಿದ್ದಂತೆ ಹೊಸ್ತಿಲು ದಾಟಿಸಿದಳು. ನಟರಾಜು ಮುಂದೆ ಹೋದಾಗ ಬೇಡ ಬೇಡ ಎಂದಳು, ನೀನು ಓದೋನು, ಅಂಗಿ ನೆನೆಯುತ್ತದೆ ಎಂದಳು.

ಪದ್ಮಿನಿಗೆ ಚಾಪೆ ಹಾಸಿ, ನೀರು ಕೊಟ್ಟು, ಹುರಿಗಡಲೆ ಬೆಲ್ಲ ಮುಂದಿಟ್ಟಳು. ಮೇಡಂ ಬಂದಿದ್ದಾರೆ ಎಂದು ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಟರಾಜು ಪಾಸಾಗಿ ಬಂದರೆ ಹನೂರಿನ ಆಸ್ಪತ್ರೆಯಲ್ಲೇ ಕೆಲಸ ಸಿಗಬಹುದಾ, ದಿನಾ ಬಸ್ಸಲ್ಲಿ ಹೋಗಿ ಬರಬಹುದಾ ಎಂದು ಕೇಳಿದಳು. ದೊಡ್ಡವನನ್ನು ದೇವರು ಕಿತ್ತುಕೊಂಡ, ಚಿಕ್ಕವನನ್ನು ಕೊಟ್ಟ, ಲೆಕ್ಕ ಸರಿಹೋಯಿತು ಎಂದು ನಕ್ಕಳು. ಪದ್ಮಿನಿ ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತುಗಳು ಆ ನಗುವಿನ ಮುಂದೆ ಆಡುವಂಥವಾಗಿರಲಿಲ್ಲ. ಹುರಿಗಡಲೆ ಅಗಿಯುತ್ತ ಕೂತಳು.

ಟೀ ಕಾಯಿಸಲು ತಾಯಿ ಒಲೆಯ ಹತ್ತಿರ ಹೋದಳು. ನಟರಾಜು ನೀರಿಗೆಂದು ಹೊರಗೆ ಹೋದ. ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಮಲಗಿದ್ದ ದೇವರಾಜು ತಮ್ಮನ ಬೆನ್ನನ್ನೇ ನೋಡುತ್ತಿದ್ದವನು ಪದ್ಮಿನಿಯ ಕಡೆ ತಿರುಗಿದ. ಅವನ ದನಿ ತೆಳ್ಳಗಿತ್ತು.

"ನೀವೂ ನೋಡಿದ್ರಲ್ಲ ಮೇಡಂ," ಎಂದ. "ಹೋದ ಹಬ್ಬದಲ್ಲೇ ನೋಡ್ದಿ ನಾನು. ಅವ್ವುನ್ಗ ಮಾತ್ರ ಕಾಣದಿಲ್ಲ."

ಹೇಳಬೇಕಲ್ಲವಾ ಎಂದು ಪಿಸುಗುಟ್ಟಿದಳು ಪದ್ಮಿನಿ. ಅವನು ಕಣ್ಣು ಮುಚ್ಚಿಕೊಂಡ. ಹೇಳಿದರೆ ಏನು ವಾಸಿಯಾಗುತ್ತದೆ ಎಂದು ಅವನು ಕೇಳಲಿಲ್ಲ, ಆದರೂ ಅವಳಿಗೆ ಕೇಳಿಸಿತು.

ಕೊನೆಯ ಮೌಲ್ಯಮಾಪನದ ದಿನ ಬಂತು. ಅದರ ನಿಯಮ ಸರಳ. ಉಳಿದೆಲ್ಲದರಲ್ಲೂ ಎಷ್ಟೇ ಅಂಕ ಬಂದಿರಲಿ, ರೋಗಿಯ ಸುರಕ್ಷತೆ ಎಂಬಲ್ಲಿ ತಪ್ಪಿದರೆ ಪೋಸ್ಟಿಂಗ್ ಪೂರ್ತಿ ಫೇಲ್. ಕಾರಣ ಬರೆಯಲೇಬೇಕು. ಪದ್ಮಿನಿ ಕಾಲೇಜಿನ ಮುಖ್ಯಸ್ಥರಾದ ಶಿವರುದ್ರಸ್ವಾಮಿಯವರಿಗೆ ಫೋನ್ ಮಾಡಿದಳು. ಹುಡುಗ ತುಂಬ ಒಳ್ಳೆಯವನು, ಆದರೆ ಪಾಸು ಮಾಡಲಾರೆ ಎಂದಳು. ಅವರಿಗೆ ಅರ್ಥವಾಗಲಿಲ್ಲ. ಒಳ್ಳೆಯವನಾದರೆ ಪಾಸು ಮಾಡಿ, ಒಂದು ಸಲ ರೋಗಿ ಜಾರಿದ್ದನ್ನು ಯಾರು ಕೇಳುತ್ತಾರೆ, ಬಡವರ ಮನೆಯ ಹುಡುಗ ಎಂದರು. ಅವಳು ಮತ್ತೂ ಆಗುವುದಿಲ್ಲ ಎಂದಾಗ, ಅನಾರೋಗ್ಯವೇನಾದರೂ ಇದೆಯಾ, ಇದ್ದರೆ ಹೇಳಿ, ಅದಕ್ಕೆ ಬೇರೆ ದಾರಿ ಇದೆ, ಮನೆಯವರನ್ನು ಕರೆಸಿ ಮಾತಾಡೋಣ ಎಂದರು. ಬೇರೆ ದಾರಿ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಕನಿಕರದ ಒಂದು ಪ್ರಮಾಣಪತ್ರ, ಅದನ್ನು ಹಿಡಿದು ಊರು ಸೇರುವ ಹುಡುಗ, ಬಾಗಿಲಲ್ಲಿ ಕಾದಿರುವ ತಾಯಿ. ಹಾಗೇನೂ ಇಲ್ಲ ಸಾರ್, ಬರೀ ಅಜಾಗರೂಕತೆ ಎಂದಳು.

ಹಾಗೆಯೇ ಬರೆದಳು. ಪದೇ ಪದೇ ಎಚ್ಚರಿಸಿದರೂ ಅಜಾಗರೂಕತೆ, ಕೆಲಸದಲ್ಲಿ ಅನಾಸಕ್ತಿ. ತನ್ನ ಕೈಯ ಅಕ್ಷರವನ್ನೇ ಅವಳಿಗೆ ನೋಡಲಾಗಲಿಲ್ಲ. ವಿದ್ಯಾರ್ಥಿ ಓದಿ ಸಹಿ ಹಾಕಬೇಕಿತ್ತು. ನಟರಾಜು ಎದುರು ಕೂತು ಓದಿದ. ಎರಡು ಸಲ ಓದಿದ. ಅವನಷ್ಟು ಆಸಕ್ತಿಯ ಹುಡುಗನನ್ನು ಅವಳು ಕಂಡಿರಲಿಲ್ಲ, ಅವನಷ್ಟು ಎಚ್ಚರದವನನ್ನೂ ಕಂಡಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅವನ ಕಣ್ಣು ಒಂದು ಕ್ಷಣ ಆ ಸಾಲಿನ ಮೇಲೆ ನಿಂತಾಗ, ತಾನೇ ಬೇಡಿಕೊಂಡಿದ್ದರೂ ಅದು ಅವನಿಗೆ ನಾಟಿತು ಎಂದು ಅವಳಿಗೆ ಕಂಡಿತು.

"ಸರ್ಯಾಗೇ ಅದ ಮೇಡಂ," ಎಂದು ಸಹಿ ಹಾಕಿದ. ಮೇಜನ್ನು ಒತ್ತಿ ಹಿಡಿದು ಎದ್ದ. ಬೆಂಗಳೂರಿನ ಪರೀಕ್ಷೆಗೆ ಮುಂದಿನ ವಾರ ಬರಲೇಬೇಕು ಎಂದಾಗ ಆಗಲಿ ಎಂದ. ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ.

ಯಳಂದೂರಿನ ಗುರುಸಿದ್ದಯ್ಯನ ಮನೆಗೆ ಪದ್ಮಿನಿ ಮತ್ತೆ ಮತ್ತೆ ಹೋದಳು. ಅವನು ಗೋಡೆಯಿಂದ ಮುಖ ತಿರುಗಿಸಲಿಲ್ಲ. ಮಲಗಿದಲ್ಲೇ ಮಲಗಿ ಬೆನ್ನಿನ ಮೇಲೆ ಹುಣ್ಣಾಯಿತು. ಹುಣ್ಣು ತೊಳೆದು ಔಷಧಿ ಹಚ್ಚುವುದಷ್ಟೇ ಅವಳ ಪಾಲಿಗೆ ಉಳಿಯಿತು. ಒಂದು ದಿನ ಶಿವರತ್ನಮ್ಮ, ಇನ್ನು ತೊಂದರೆ ತೆಗೆದುಕೊಳ್ಳಬೇಡಿ, ನರ್ಸಮ್ಮ ಬಂದು ಮಾಡುತ್ತಾರೆ ಎಂದು ಬಾಗಿಲಲ್ಲೇ ಹೇಳಿ ಕಳಿಸಿದಳು. ಮಳೆಗಾಲ ಹಿಡಿಯುವ ಹೊತ್ತಿಗೆ ಗುರುಸಿದ್ದಯ್ಯ ತೀರಿಕೊಂಡ ಸುದ್ದಿ ಬಂತು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಚಿಕ್ಕನಿಂಗಮ್ಮ ಕೇಂದ್ರಕ್ಕೆ ಬಂದಳು. ರಾಮಾಪುರದಿಂದ ಮೊದಲ ಬಸ್ಸು ಹಿಡಿದು ಬಂದಿದ್ದಳು. ಪದ್ಮಿನಿ ಅವಳನ್ನು ರೋಗಿಗಳಿಗೆ ತರಬೇತಿ ಕೊಡುವ ಹಾಲಿಗೆ ಕರೆದೊಯ್ದು ಕೂರಿಸಿದಳು. ಆ ಹೊತ್ತಿನಲ್ಲಿ ಅಲ್ಲಿ ಇನ್ನಾರೂ ಇರಲಿಲ್ಲ. ಈ ದಿನ ಬರುತ್ತದೆ ಎಂದು ಅವಳು ಕಾಯುತ್ತಲೇ ಇದ್ದಳು. ಬೈಗುಳ ತಿನ್ನಲು ಸಿದ್ಧವಾಗಿದ್ದಳು. ಅದೊಂದಾದರೂ ತನಗೆ ಸಲ್ಲಬೇಕಾದದ್ದು ಎಂದು ಅನ್ನಿಸಿತ್ತು.

ತಾಯಿ ಜಗಳಕ್ಕೆ ಬಂದವಳಂತೆ ಕಾಣಲಿಲ್ಲ. ಸೆರಗನ್ನು ಮಡಿಲಲ್ಲಿ ಮುದುರಿ ಹಿಡಿದು, ನನ್ನ ಮಗನಿಗೆ ಇನ್ನೊಂದು ಅವಕಾಶ ಕೊಡಿ ಎಂದು ಕೇಳಿದಳು. ಎಚ್ಚರ ತಪ್ಪುವ ಹುಡುಗ ಅವನಲ್ಲ, ಅಣ್ಣನ ಬಾಯಿಗೆ ನೀರು ಬಿಡುವಾಗಲೂ ಒಂದು ತೊಟ್ಟು ಚೆಲ್ಲದವನು, ಯಾರೋ ಆಗದವರು ನಿಮ್ಮ ಕಿವಿಗೆ ಹಾಕಿದ್ದಾರೆ ಎಂದಳು. ಪದ್ಮಿನಿ ನೆಲ ನೋಡುತ್ತ ಕೂತಿದ್ದಳು. ನಾನು ಬೈದೆ, ಹೊಡೆಯಲೂ ಹೋದೆ, ಅವನು ಬಾಯಿ ಬಿಡಲಿಲ್ಲ ಎಂದಳು ತಾಯಿ. ಮನೆಗೆ ಬಂದಾಗಿನಿಂದ ಮಂಕು ಹಿಡಿದವನಂತೆ ಆಗಿದ್ದಾನೆ ಎಂದಳು.

"ಮನೆ ಬುಟ್ಟು ಈಚಿಗ ಬರದಿಲ್ಲ ಕಣವ್ವ. ಹೊಲ್ದತಾವ್ಕ ಬಾ ಅಂದ್ರ ಕಾಲು ನೋವು ಅಂತಾನ. ಒಂದು ಕೊಡ ನೀರು ತಕಂಡು ಬಾ ಅಂದ್ರ ಅರ್ಧಕ್ಕೇ ಇಳಿಸ್ಬುಟ್ಟು ಕುಂತ್ಕತಾನ. ಮೊನ್ನೆ ಅಂಗಳದಲ್ಲಿ ನಡ್ಕ ಬತ್ತಾ ಇದ್ದೋನು ಸುಮ್ ಸುಮ್ನೆ ಬಿದ್ದ. ಅವ್ರಣ್ಣನೂ ಹಿಂಗೇ, ಮೊದ್ಲು ಹಿಂಗೇ..."

ಅಲ್ಲಿಗೆ ನಿಂತಳು.

ಪದ್ಮಿನಿ ತಲೆ ಎತ್ತಲಿಲ್ಲ. ಚಿಕ್ಕನಿಂಗಮ್ಮನ ಕೈಯಲ್ಲಿದ್ದ ಸೆರಗು ಮಡಿಲಿಗೆ ಬಿತ್ತು. ಅದೇನಾ ಎಂದು ಕೇಳಿದಳು. ಪದ್ಮಿನಿ ಹೌದೆಂದು ಕತ್ತು ಆಡಿಸಿದಳು. ಅವನಿಗೆ ಗೊತ್ತಾ ಎಂದು ತಾಯಿ ಕೇಳಿದಳು. ಅದಕ್ಕೂ ಹೌದೆಂದಳು. ಹಾಗಾದರೆ ಫೇಲ್ ಮಾಡಿದ್ದು ಅದಕ್ಕಾ ಎಂದಾಗ, ಅವನೇ ಹಾಗೆ ಬರೆಯಿರಿ ಎಂದ ಎನ್ನುವುದನ್ನೂ ಹೇಳಿದಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

ತಾಯಿ ಅಳಲಿಲ್ಲ. ಬೆರಳು ಮಡಿಚುತ್ತ ಏನನ್ನೋ ಎಣಿಸಿದಳು. ದೊಡ್ಡವನು ಮೊದಲು ಬಿದ್ದದ್ದು ಯಾವ ಹಬ್ಬ, ಗೋಡೆ ಹಿಡಿದದ್ದು ಯಾವಾಗ, ಮಲಗಿದ್ದು ಯಾವಾಗ ಎಂದು ಎಣಿಸುತ್ತಿದ್ದಾಳೆ ಎಂದು ಪದ್ಮಿನಿಗೆ ಅರ್ಥವಾಯಿತು. ಎಣಿಕೆ ಬೇಗ ಮುಗಿಯಿತು.

"ಇಬ್ರನ್ನೂ ಎತ್ತದು ಯಾಂಗವ್ವ?" ಎಂದಳು.

ಎತ್ತುವುದನ್ನು ಇಷ್ಟು ವರ್ಷ ಕಲಿಸಿದವಳಿಗೆ ಗೊತ್ತಿದ್ದದ್ದು ಒಬ್ಬನನ್ನು ಎತ್ತುವುದು. ಅದನ್ನಾದರೂ ತೋರಿಸುತ್ತೇನೆ ಎಂದು ಎದ್ದಳು. ಬೆನ್ನಿಗೆ ಹಾಕಿಕೊಳ್ಳಬಾರದು, ಸೊಂಟ ಬಗ್ಗಬಾರದು, ಮಂಡಿ ಬಗ್ಗಬೇಕು ಎಂದಳು. ಟವೆಲ್ ತಂದು ತನ್ನ ಸೊಂಟಕ್ಕೆ ಸುತ್ತಿಕೊಂಡು, ತಾನೇ ಕೈಕಾಲು ಬಿದ್ದವಳಂತೆ ಮಂಚದ ಅಂಚಿನಲ್ಲಿ ಕೂತು, ನನ್ನನ್ನು ಎತ್ತು ಎಂದಳು. ಚಿಕ್ಕನಿಂಗಮ್ಮ ಟವೆಲ್ಲಿನ ಎರಡು ಕಡೆ ಹಿಡಿದಳು. ಅವಳ ಮೈಯಿಂದ ಬೆವರು, ಸೌದೆ ಹೊಗೆ, ಹರಳೆಣ್ಣೆಯ ವಾಸನೆ ಬರುತ್ತಿತ್ತು. ಹಲ್ಲು ಕಚ್ಚಿ ಎತ್ತಿದಳು. ಮೊದಲ ಸಲ ಆಗಲಿಲ್ಲ. ಎರಡನೇ ಸಲ ಪದ್ಮಿನಿ ಮಂಚದಿಂದ ಎದ್ದು, ಅವಳ ತೋಳಿನಲ್ಲಿ ತೂಗಾಡಿ, ಪಕ್ಕದ ಕುರ್ಚಿಗೆ ಬಿದ್ದಳು. ತಾಯಿ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಂತಳು. ಇನ್ನೊಂದು ಸಲ ಮಾಡುತ್ತೀಯಾ ಎಂದು ಪದ್ಮಿನಿ ಕೇಳಲಿಲ್ಲ. ಸಾಕು ಎಂದಳು.

ಬಸ್ ನಿಲ್ದಾಣದವರೆಗೆ ಜೊತೆಯಲ್ಲೇ ಹೋದಳು. ಒಂದು ವೀಲ್‌ಚೇರ್ ಕಳಿಸುತ್ತೇನೆ, ತಿಂಗಳಿಗೊಮ್ಮೆ ನಾನೇ ಬರುತ್ತೇನೆ, ಇಬ್ಬರನ್ನೂ ಪರೀಕ್ಷೆಗೆ ಕರೆದೊಯ್ಯೋಣ ಎಂದು ದಾರಿಯಲ್ಲಿ ಹೇಳುತ್ತಲೇ ಇದ್ದಳು. ಚಿಕ್ಕನಿಂಗಮ್ಮ ಎಲ್ಲಕ್ಕೂ ಹೂಂ ಎಂದಳು. ರಾಮಾಪುರದ ಬಸ್ಸು ನಿಂತಿತ್ತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಡ್ರೈವರು ಎಂಜಿನ್ ಶುರು ಮಾಡಿದ ಮೇಲೆ ಕಂಬಿಯ ಸಂದಿಯಿಂದ ಪದ್ಮಿನಿಯ ಕೈ ಹಿಡಿದುಕೊಂಡಳು.

"ನಂಗ ಗೊತ್ತಾಯ್ತು ಅಂತ ಅವನ್ಗ ಯೋಳ್ಬ್ಯಾಡಿ," ಎಂದಳು. "ನಮ್ಮವ್ವುನ್ಗ ಗೊತ್ತಿಲ್ಲ ಅಂತ ಅವ್ನ್ಗೊಂದು ಸಮಾಧಾನ ಅದ. ಅದೊಂದಾರ ಇರ್ಲಿ."

ಹಾಗಾದರೆ ಮನೆಗೆ ಹೋಗಿ ಏನು ಹೇಳುತ್ತೀಯಾ ಎಂದಳು ಪದ್ಮಿನಿ.

"ಬೈತೀನಿ," ಎಂದಳು ಚಿಕ್ಕನಿಂಗಮ್ಮ. "ಸೋಮಾರಿ ಅಂತೀನಿ."

ಬಸ್ಸು ಹೊರಟಿತು. ಕೈ ಬಿಡಬೇಕಾಯಿತು.